ಇನ್ನೂರು ಮೀಟರ್ ಆಳದ ವಾಚು

ಒಳ್ಳೆಯ ವಸ್ತುವನ್ನು ಬಳಸಿ ಹಾಳುಮಾಡುವ ಜನ ನಾವಲ್ಲ. ಬಳಸದೆಯೇ ಹಾಳುಮಾಡುವವರು. ನಮ್ಮ ಮನೆಯ ಸೋಫಾದ ನಿಜವಾದ ಬಣ್ಣ ಯಾವುದೆಂದು ಕೇಳಿದರೆ ನಾನು ತಡವರಿಸುತ್ತೇನೆ. ತಂದ ದಿನ ಒಮ್ಮೆ ನೋಡಿದ್ದು. ಆಮೇಲೆ ಸೋಫಾದ ಮೇಲೆ ಬೆಡ್‌ಶೀಟು, ಬೆಡ್‌ಶೀಟಿನ ಮೇಲೆ ಟವೆಲ್ಲು, ಟವೆಲ್ಲಿನ ಮೇಲೆ ನಾನು. ಟಿವಿ ರಿಮೋಟು ಇವತ್ತಿಗೂ ಹುಟ್ಟುಡುಗೆಯಾದ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಕವರು ಮಬ್ಬಾಗಿ ಅಂಕಿಗಳು ಕಾಣದ ಕಾರಣ ಬೆರಳಿಗೆ ಸಿಕ್ಕ ಚಾನೆಲ್ಲನ್ನೇ ಭಕ್ತಿಯಿಂದ ನೋಡುತ್ತೇವೆ. ಮದುವೆಯಲ್ಲಿ ಬಂದ ಪಿಂಗಾಣಿ ತಟ್ಟೆಗಳನ್ನು ಯಾರಾದರೂ ದೊಡ್ಡ ಮನುಷ್ಯರು ಬಂದಾಗ ತೆಗೆಯೋಣವೆಂದು ಅಟ್ಟಕ್ಕೆ ಹಾಕಿದೆವು. ಇಪ್ಪತ್ತೆಂಟು ವರ್ಷವಾಯಿತು, ಆ ತಟ್ಟೆಯ ಮಟ್ಟಕ್ಕೆ ಸಲ್ಲುವವರು ಅರಕೆರೆಯ ನಮ್ಮ ಮನೆಗೆ ಒಬ್ಬರೂ ಬಂದಿಲ್ಲ. ಇಂಥ ಮನೆಗೆ ಹೋದ ವರ್ಷ ಒಂದು ವಾಚು ಬಂತು.

ವಾಚು ತಂದವನು ನನ್ನ ಹೆಂಡತಿ ಸಾವಿತ್ರಿಯ ತಮ್ಮ ಚಿದಾನಂದ. ಸರಕು ಹಡಗಿನಲ್ಲಿ ಇಂಜಿನಿಯರು. ಸಿಂಧಘಟ್ಟದಲ್ಲಿ ಹುಟ್ಟಿ, ಊರ ಕೆರೆಯನ್ನು ಬಿಟ್ಟರೆ ಬೇರೆ ನೀರನ್ನೇ ಕಾಣದೆ ಬೆಳೆದ ಹುಡುಗ ಸಮುದ್ರಕ್ಕೆ ಹೇಗೆ ಬಿದ್ದ ಎಂಬುದು ಅವನ ಊರಿನವರಿಗೆ ಇನ್ನೂ ಬಗೆಹರಿಯದ ಲೆಕ್ಕ. ಲೆಕ್ಕವೆಂದ ಮೇಲೆ ಹೇಳಬೇಕು, ಎಸ್ಸೆಸ್ಸೆಲ್ಸಿಯಲ್ಲಿ ಅವನಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಆಗ ನನಗೆ ಹೊಸದಾಗಿ ಮದುವೆಯಾಗಿತ್ತು; ಹೆಂಡತಿಯ ಮನೆಯವರನ್ನು ಮೆಚ್ಚಿಸುವ ಹುಮ್ಮಸ್ಸಿನಲ್ಲಿ ಪ್ರತಿ ಭಾನುವಾರ ಸಿಂಧಘಟ್ಟಕ್ಕೆ ಹೋಗಿ ಬಾಮೈದನ ತಲೆಯೊಳಗೆ ಬೀಜಗಣಿತ ತುಂಬುತ್ತಿದ್ದೆ. ಅದನ್ನು ಅವನು ಮರೆತಿರಲಿಲ್ಲ. ರಜೆಗೆಂದು ಬಂದವನು ತನ್ನ ಕೈಯಿಂದ ವಾಚು ಬಿಚ್ಚಿ ನನ್ನ ಕೈಗೆ ತೊಡಿಸಿದ. "ಅವತ್ತು ನೀವು ಲೆಕ್ಕ ಏಳ್ಕೊಡ್ದೆ ಇದ್ದಿದ್ರೆ ನಾನೆಲ್ಲಿ ಅಡಗು ಅತ್ತುತಿದ್ದೆ ಬಾವ? ಇದಕ್ಕೆ ಬ್ಯಾಟರಿ ಇಲ್ಲ, ಕೀ ಕೊಡೋದೂ ಬ್ಯಾಡ. ನಿಮ್ಮ ಕೈ ಆಡ್ತಿದ್ರೆ ಅದೂ ಓಡ್ತದೆ. ಇನ್ನೂರು ಮೀಟರ್ ನೀರೊಳಕ್ಕೆ ಇಳುದ್ರೂ ಏನೂ ಆಗಕಿಲ್ಲ. ಇದನ್ನ ಕಟ್ಕಂಡೇ ಇಮದ ಬೆಟ್ಟ ಅತ್ತಿದೀನಿ. ಬಂಡೆಗೆ ಬಡುದ್ರೂ ಜಪ್ಪಯ್ಯ ಅನ್ನಕಿಲ್ಲ" ಎಂದ. ಸಾವಿತ್ರಿ ತಮ್ಮನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಗುಟ್ಟಾಗಿ ಬೆಲೆ ವಿಚಾರಿಸಿ, ಮುಖ ಬಿಳಿಚಿಕೊಂಡು ಹೊರಗೆ ಬಂದಳು. ನಮ್ಮ ಕಡೆ ದೊಡ್ಡ ಬೆಲೆಗಳನ್ನು ಹಸುವಿನಲ್ಲಿ ಹೇಳುವುದು ವಾಡಿಕೆ. "ಎರಡು ಸೀಮೆಹಸ ಅಂತೆ ಕಣ್ರೀ, ಮೇಲೊಂದು ಕರ" ಎಂದು ನನ್ನ ಕಿವಿಯಲ್ಲಿ ಉಸುರಿದಳು. ಆ ಗಳಿಗೆಯಿಂದ ನನ್ನ ಎಡಗೈ ನನ್ನದಾಗಿ ಉಳಿಯಲಿಲ್ಲ. ಎರಡು ಹಸು, ಒಂದು ಕರು ಮೇಯುತ್ತಿರುವ ಕೈಯನ್ನು ಸುಮ್ಮನೆ ಅತ್ತಿತ್ತ ಆಡಿಸಲಾದೀತೆ?

ನಾನು ಶ್ರೀರಂಗಪಟ್ಟಣದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬುದನ್ನು ಡಬ್ಬಕ್ಕೆ ತೂತು ಕೊರೆದು ಇಪ್ಪತ್ತೇಳು ವರ್ಷದಿಂದ ತೋರಿಸುತ್ತಾ ಬಂದಿದ್ದೇನೆ. ಇನ್ನೂರು ಮೀಟರ್ ನೀರಿನ ಒತ್ತಡದ ಮುಂದೆ ನಮ್ಮ ಪಂಚಾಯ್ತಿ ನಲ್ಲಿಯ ಒತ್ತಡ ಏನೇನೂ ಅಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಕೈ ತೊಳೆಯುವ ಮುಂಚೆ ವಾಚು ಬಿಚ್ಚುತ್ತಿದ್ದೆ. ನಾಲ್ಕು ಹನಿ ಮಳೆ ಬಿದ್ದರೆ ಹಾಲಿನ ಖಾಲಿ ಕವರಿನಲ್ಲಿ ಸುತ್ತಿ ಜೇಬಿಗಿಡುತ್ತಿದ್ದೆ. ನೆಂಟರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ತೀರ್ಥ ತೆಗೆದುಕೊಳ್ಳುವಾಗ ಎಡಗೈಯನ್ನು ಬೆನ್ನ ಹಿಂದೆ ಅವಿತಿಟ್ಟುಕೊಂಡೆ. ಬಲಗೈ ಕೆಳಗೆ ಎಡಗೈ ಹಿಡಿಯದವನನ್ನು ಕಂಡು ಪುರೋಹಿತರು "ಕೈ ಮುರಿದಿದೆಯೇ?" ಎಂದು ಮರುಗಿದರು. ಶಾಲೆಯಲ್ಲಿ ಊಟಕ್ಕೆ ಮುಂಚೆ ವಾಚು ಬಿಚ್ಚಿ ಜವಾನ ನಿಂಗಯ್ಯನ ಕೈಗೆ ಕೊಡುತ್ತಿದ್ದೆ. ಅವನು ಒಂದು ದಿನ ಅದನ್ನು ತನ್ನ ವಾಚಿನ ಪಕ್ಕಕ್ಕೆ ಹಿಡಿದು ನೋಡಿ, "ಸಾ, ನಿಮ್ದು ಒಂದ್ನಿಮ್ಸ ಮುಂದ್ಕೋಯ್ತಾ ಅದಲ್ಲ. ನಂದು ಕರೆಟ್ಟಾಗದೆ. ಸಂತೇಲಿ ತಕಂಡಿದ್ದು" ಎಂದ. ಬ್ಯಾಟರಿಯಿಲ್ಲದೆ ಹಲ್ಲುಚಕ್ರಗಳಿಂದ ಓಡುವ ವಾಚು ದಿನಕ್ಕೆ ನಾಲ್ಕೈದು ಸೆಕೆಂಡು ಆಚೀಚೆ ಹೋಗುವುದು ಸಹಜವೆಂದು ಅವನಿಗೆ ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಓಗ್ಲಿ ಬುಡಿ ಸಾ, ರಿಪೇರಿ ಮಾಡ್ಸಬೋದು" ಎಂದು ನನಗೇ ಸಮಾಧಾನ ಹೇಳಿದ.

ಕೊನೆಗೆ ವಾಚು ಬೀರು ಸೇರಿತು, ರೇಷ್ಮೆ ಸೀರೆಗಳ ನಡುವೆ. ಆದರೆ ಕೈ ಆಡದಿದ್ದರೆ ಅದು ಓಡುವುದಿಲ್ಲವಲ್ಲ; ಎರಡನೆಯ ದಿನ ನಿಂತುಬಿಟ್ಟಿತು. ನಿಲ್ಲಿಸಿಟ್ಟರೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆಂದು ಚಿದಾನಂದ ಹೆದರಿಸಿದ್ದ. ಹಾಗಾಗಿ ದಿನಾ ಬೆಳಿಗ್ಗೆ ಬೀರುವಿನ ಮುಂದೆ ನಿಂತು, ವಾಚು ಕಟ್ಟಿಕೊಂಡು, ಎಡಗೈಯನ್ನು ಐದು ನಿಮಿಷ ಗಡಗಡ ಅಲ್ಲಾಡಿಸಿ, ಬಿಚ್ಚಿ ಒಳಗಿಡುತ್ತಿದ್ದೆ. ಸಾವಿತ್ರಿ ಹಿಂದಿನಿಂದ ನೋಡಿ, ನರದ ಡಾಕ್ಟರಿಗೆ ತೋರಿಸೋಣ ಎಂದು ಕಣ್ಣೀರು ಹಾಕಿದಳು. ವಿಷಯ ತಿಳಿದ ಮೇಲೆ ಕಣ್ಣೀರು ಒರೆಸಿಕೊಂಡು, "ನಿಮ್ ಕೈ ಆಡ್ಲಿ ಅಂತ ಅವನು ವಾಚು ಕೊಟ್ರೆ, ವಾಚು ಆಡ್ಲಿ ಅಂತ ನೀವು ಕೈ ಆಡುಸ್ತೀರಲ್ರೀ. ನಾಲೆ ಏರಿ ಮೇಲೆ ನಾಕೆಜ್ಜೆ ನಡ್ಕೊಂಡ್ ಬನ್ನಿ, ಒಟ್ಟೇನಾದ್ರೂ ಕರಗ್ಲಿ" ಎಂದು ಹೊರಗಟ್ಟಿದಳು. ಹೀಗೆ ಹಿಮಪರ್ವತ ಹತ್ತಿದ್ದ ವಾಚು ದಿನಾ ಬೆಳಿಗ್ಗೆ ನಾಲೆಯ ಏರಿಯ ಮೇಲೆ, ಪಂಚೆ ಬನಿಯನ್ನಿನವನೊಬ್ಬನ ಜೊತೆಯಲ್ಲಿ ಗಾಳಿ ಸೇವಿಸತೊಡಗಿತು.

ಒಂದು ಭಾನುವಾರ ನಾಲೆ ತುಂಬಿ ಹರಿಯುತ್ತಿತ್ತು. ನಾಲೆಯ ಮೆಟ್ಟಿಲಲ್ಲಿ ನಮ್ಮ ಪಕ್ಕದ ಮನೆಯ ಪುಟ್ಟತಾಯಮ್ಮ ತನ್ನ ಕಡಸಿನ ಮೈ ತೊಳೆಯುತ್ತಿದ್ದಳು. ಆ ಕಡಸಿನ ವಿಚಾರ ಹೇಳದಿದ್ದರೆ ಮುಂದಿನದು ಅರ್ಥವಾಗದು. ಪುಟ್ಟತಾಯಮ್ಮ ಗಂಡ ಸತ್ತ ಮೇಲೆ ಕೂಲಿ ಮಾಡಿಕೊಂಡು ಬದುಕಿದವಳು. ಹಾಲು ಕುಡಿಯುವ ಕರುವನ್ನು ತಂದು, ಕಂಡವರ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ದು ಹಾಕಿ, ಮಗುವಿನಂತೆ ಸಾಕಿ ಕಡಸು ಮಾಡಿದ್ದಳು. ಈಗ ಅದಕ್ಕೆ ಆರು ತಿಂಗಳ ಗಬ್ಬ. ಅದು ಈದ ಮೇಲೆ ಊರಿನ ಹೆಂಗಸರೊಂದಿಗೆ ತಾನೂ ಡೈರಿಯ ಸಾಲಿನಲ್ಲಿ ನಿಂತು ಹಾಲು ಹಾಕುವುದು ಅವಳ ಆಸೆ. ಆ ಆಸೆ ಎಷ್ಟೆಂದರೆ, ಹಾಲಿಗೆ ಮೊದಲೇ ಸ್ಟೀಲಿನ ಕ್ಯಾನು ತಂದಿಟ್ಟುಕೊಂಡಿದ್ದಳು. ಹನಿ ಹಾಲು ಕಾಣದ ಆ ಕ್ಯಾನನ್ನು ವಾರಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು.

ನಾನು ಮೆಟ್ಟಿಲಿನಿಂದ ನೂರು ಹೆಜ್ಜೆ ಮುಂದೆ, ನೀರು ಹರಿಯುವ ದಿಕ್ಕಿನಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದೆ. ಹಿಂದಿನಿಂದ ಕೂಗು ಕೇಳಿಸಿತು. ಕಡಸು ಪಾಚಿಯ ಮೇಲೆ ಕಾಲು ಜಾರಿ ನೀರಿಗೆ ಬಿದ್ದಿತ್ತು, ಹಗ್ಗ ಪುಟ್ಟತಾಯಮ್ಮನ ಕೈಯಿಂದ ಕಿತ್ತುಕೊಂಡು ಹೋಗಿತ್ತು. "ಅಯ್ಯೋ ಮೇಷ್ಟ್ರೇ, ಕಡ್ಸು ಓಯ್ತು! ಅಗ್ಗ ಇಡ್ಕಳಿ, ಅಗ್ಗ!" ಎಂದು ಅವಳು ಏರಿಯ ಮೇಲೆ ಓಡಿಬರುತ್ತಿದ್ದಳು. ನಾಲೆಯ ಎರಡೂ ಕಡೆ ಕಾಂಕ್ರೀಟು, ಕಡಿದಾದ ಇಳಿಜಾರು. ದನ ತಾನಾಗಿ ಹತ್ತುವಂತಿಲ್ಲ. ಒಂದು ಫರ್ಲಾಂಗು ಮುಂದೆ ನಾಲೆ ರಸ್ತೆಯ ಅಡಿಗೆ ನುಗ್ಗುತ್ತದೆ. ಅದರೊಳಕ್ಕೆ ಹೋದ ದನ ಜೀವಸಹಿತ ಹೊರಗೆ ಬಂದದ್ದನ್ನು ನಮ್ಮೂರಿನವರು ಕಂಡಿಲ್ಲ. ಕಡಸು ಮೂತಿ ಮೇಲೆತ್ತಿಕೊಂಡು, ಕಣ್ಣು ಬಿಟ್ಟುಕೊಂಡು, ನೇರ ನನ್ನ ಕಡೆಗೇ ತೇಲಿ ಬರುತ್ತಿತ್ತು. ಹಗ್ಗದ ತುದಿ ದಡದ ಪಕ್ಕದಲ್ಲೇ ಇತ್ತು. ನಾನು ಎರಡು ಹೆಜ್ಜೆ ನೀರಿಗಿಳಿದು ಕೈ ಚಾಚಿದ್ದರೆ ಸಾಕಿತ್ತು.

ಓದುಗರೇ, ನನ್ನ ಕೈ ಚಾಚಿದ್ದು ಹಗ್ಗಕ್ಕಲ್ಲ. ನನ್ನ ಬಲಗೈ ನನ್ನನ್ನು ಕೇಳದೆ ಎಡಗೈಯ ವಾಚಿನ ಕೊಂಡಿಗೆ ಹೋಯಿತು. ಸಮುದ್ರದ ತಳದಲ್ಲಿ ಕಳಚಿ ಬೀಳಬಾರದೆಂದು ಆ ಕೊಂಡಿಗೆ ಎರಡು ಬಗೆಯ ಬಂದೋಬಸ್ತು. ಮೊದಲು ಮೇಲಿನ ಮುಚ್ಚಳ ಎಬ್ಬಿಸಬೇಕು, ಆಮೇಲೆ ಎರಡೂ ಕಡೆಯ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು. ಅವಸರದಲ್ಲಿ ಒಂದು ಗುಂಡಿ ಒತ್ತಿದರೆ ಇನ್ನೊಂದು ಜಾರುತ್ತಿತ್ತು. ಎಷ್ಟು ಹೊತ್ತು ಹಿಡಿಯಿತೆಂಬುದು ನನಗೆ ಖಚಿತವಾಗಿ ಗೊತ್ತು, ಏಕೆಂದರೆ ಸೆಕೆಂಡಿನ ಮುಳ್ಳು ಕಣ್ಣ ಮುಂದೆಯೇ ಓಡುತ್ತಿತ್ತು. ಇಪ್ಪತ್ತೆರಡು ಸೆಕೆಂಡು. ಅಷ್ಟರಲ್ಲಿ ಕಡಸು ನನ್ನ ಮುಂದೆ ಹಾದುಹೋಯಿತು. ಹೋಗುತ್ತಾ ಒಮ್ಮೆ ನನ್ನನ್ನು ನೋಡಿತು. ನನ್ನ ವಿದ್ಯಾರ್ಥಿಗಳು ಯಾರೂ ನನ್ನನ್ನು ಹಾಗೆ ನೋಡಿಲ್ಲ.

ವಾಚೇನೋ ಕೈಗೆ ಬಂತು, ಇಡುವುದೆಲ್ಲಿ? ಪಂಚೆಗೆ ಜೇಬಿಲ್ಲ. ಏರಿಯ ಮೇಲಿಟ್ಟರೆ ಯಾರಾದರೂ ಎತ್ತಿಕೊಂಡು ಹೋದರೆ? ನನ್ನ ಆಸುಪಾಸಿನಲ್ಲಿ ಒಂದು ಕಾಗೆ ಬಿಟ್ಟರೆ ಯಾರೂ ಇರಲಿಲ್ಲ. ನನಗೆ ಕಾಗೆಯ ಮೇಲೂ ನಂಬಿಕೆ ಬರಲಿಲ್ಲ. ವಾಚಿನ ಸ್ಟೀಲು ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪಂಚೆ ಎತ್ತಿ ಕಟ್ಟಿ ಓಡಿದೆ. ಮುಂದಿನ ಮೆಟ್ಟಿಲಿನ ಹತ್ತಿರ ನಾಲ್ಕು ಜನ ಟ್ರಾಕ್ಟರು ತೊಳೆಯುತ್ತಿದ್ದರು. ಅವರನ್ನು ಕೂಗಿ ಎಚ್ಚರಿಸಬೇಕು. ಬಾಯಲ್ಲಿ ವಾಚು. ನನ್ನಿಂದ ಹೊರಟದ್ದು "ಊಂ ಊಂ" ಎಂಬ ಸದ್ದು ಮಾತ್ರ. ಕೈಕಾಲು ಝಾಡಿಸಿಕೊಂಡು ಬರುತ್ತಿದ್ದ ನನ್ನನ್ನು ನೋಡಿ ಒಬ್ಬ, "ಲೇ, ಮೇಷ್ಟ್ರಿಗೆ ಮೂರ್ಛೆ ಬಂದದೆ ಕಣ್ಲಾ! ಕೈಗೆ ಕಬ್ಬುಣ ಕೊಡ್ಲಾ!" ಎಂದು ಸ್ಪಾನರು ಎತ್ತಿಕೊಂಡ. ಇನ್ನೊಬ್ಬ ಕಣ್ಣು ಕಿರಿದು ಮಾಡಿ ನೋಡಿ, "ಆಗ್ಲೇ ಬಾಯ್ಗೇ ಕೊಟ್ಟವ್ರೆ ಕಣ್ಲಾ" ಎಂದ.

ಇನ್ನು ಮಾತಿನಿಂದ ಆಗುವ ಕೆಲಸವಲ್ಲವೆಂದು ನಾನು ನೀರಿಗೆ ಹಾರಿದೆ. ಈಜು ಮರೆತಿರಲಿಲ್ಲ, ಅದೇ ನಾಲೆಯಲ್ಲಿ ಕಲಿತದ್ದು. ಹಗ್ಗ ಸಿಕ್ಕಿತು. ಕಡಸು ನನ್ನನ್ನು ಎಳೆಯಿತು, ನಾನು ಹಗ್ಗ ಎಳೆದೆ. ಆಗ ಆ ನಾಲ್ವರಿಗೂ ವಿಷಯ ತಿಳಿದು ಇಬ್ಬರು ಧುಮುಕಿದರು, ಇಬ್ಬರು ನನ್ನ ಪಂಚೆ ಹಿಡಿದು ಜಗ್ಗಿದರು. ಪಂಚೆ ಅವರ ಕೈಗೆ ಹೋಯಿತು, ನಾನು ಪಟಾಪಟಿ ಚಡ್ಡಿಯಲ್ಲಿ ಉಳಿದೆ. ಅಂತೂ ಎಲ್ಲರೂ ಸೇರಿ ಕಡಸನ್ನು ಮೆಟ್ಟಿಲಿಗೆ ತಳ್ಳಿ ಹತ್ತಿಸಿದೆವು. ಪುಟ್ಟತಾಯಮ್ಮ ಓಡಿಬಂದು ಅದರ ಕುತ್ತಿಗೆ ತಬ್ಬಿಕೊಂಡು, "ನಿನ್ ಮನೆ ಕಾಯ್ವೋಗ, ನನ್ ಒಟ್ಟೆ ಉರ್ಸಕ್ಕೆ ಉಟ್ಟಿದ್ಯೇನೇ" ಎಂದು ಬೈಯುತ್ತಾ ಅಳುತ್ತಾ ಅದರ ಮೂತಿ ಒರೆಸಿದಳು. ಬದುಕಿಕೊಂಡಿತು ಎಂದು ನನಗೂ ಅಳು ಬಂತು. ಬಾಯಿಂದ ವಾಚು ತೆಗೆದೆ. ಓಡುತ್ತಿತ್ತು. ಅದರ ಜೊತೆ ನನ್ನ ಮುಂದಿನ ಹಲ್ಲಿನ ಅರ್ಧ ಚೂರೂ ಅಂಗೈಗೆ ಬಿತ್ತು. ನೀರು, ಬಂಡೆ, ಹಿಮ ಎಲ್ಲವನ್ನೂ ತಡೆಯುವಂತೆ ವಾಚನ್ನು ಮಾಡಿದ್ದರು, ನನ್ನನ್ನು ಹಾಗೆ ಮಾಡಿರಲಿಲ್ಲ.

ಸಂಜೆ ಫೋನಿನಲ್ಲಿ ನಾನು ನಡೆದದ್ದು ಹೇಳಿದಾಗ ಚಿದಾನಂದ, "ಅಲ್ಲಾ ಬಾವ, ನೀರಿಗೇಂತ ಮಾಡಿರೋ ವಾಚ್ನ ನೀರ್ಗಿಳಿಯಕ್ಕೆ ಬಿಚ್ಚುದ್ರಾ?" ಎಂದು ಸಿಗ್ನಲ್ ಹೋಗುವವರೆಗೂ ನಕ್ಕ. ಊರಲ್ಲಿ ಮಾತ್ರ ಕತೆ ಬೇರೆಯಾಗಿ ಹಬ್ಬಿತು. ಟ್ರಾಕ್ಟರಿನವರ ಪ್ರಕಾರ ಮೇಷ್ಟ್ರಿಗೆ ವಾಚು ತೆಗೆದಿಡುವಷ್ಟೂ ಪುರುಸೊತ್ತಿರಲಿಲ್ಲ, ಬಾಯಲ್ಲಿ ಕಚ್ಚಿಕೊಂಡೇ ಹಾರಿಬಿಟ್ಟರು. ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಮಕ್ಕಳಿಂದ ಚಪ್ಪಾಳೆ ಹೊಡೆಸಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ತಿಳಿದು ಇನ್ನೊಂದು ಸುತ್ತು ಹೊಡೆಸಿದರು. ಡಾಕ್ಟರು ಹಲ್ಲು ಸರಿಮಾಡಿದರು, ಆದರೆ ಆ ಇಪ್ಪತ್ತೆರಡು ಸೆಕೆಂಡು ಒಳಗೆ ಎಲ್ಲೋ ನೋಯುತ್ತಲೇ ಇತ್ತು. ಪುಟ್ಟತಾಯಮ್ಮ ದಾರಿಯಲ್ಲಿ ಎದುರು ಬಂದು ಕೈ ಮುಗಿದಾಗಲೆಲ್ಲ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ವಾಚನ್ನೇನೋ ಆಮೇಲೆ ಬಿಚ್ಚಲಿಲ್ಲ. ಸ್ನಾನಕ್ಕೂ ಅದೇ, ಗದ್ದೆಗೂ ಅದೇ. ಆದರೆ ಪಶ್ಚಾತ್ತಾಪಕ್ಕೆ ಸ್ನಾನ ಮಾಡಿಸಿದರೆ ಹೋಗುತ್ತದೆಯೇ?

ಮೂರು ತಿಂಗಳ ಮೇಲೆ ಕಡಸು ಹೆಣ್ಣುಗರು ಹಾಕಿತು. ಪುಟ್ಟತಾಯಮ್ಮ ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ, ಬಟ್ಟಲಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ತಂದಳು. "ಮೊದಲ್ನೆ ಗಿಣ್ಣು ನಿಮ್ಗೇ ಮೇಷ್ಟ್ರೇ. ತಿನ್ನಿ" ಎಂದು ನನ್ನ ಮುಂದೆಯೇ ಕೂತಳು. ಗಿಣ್ಣು ಬಾಯಿಗೆ ಹೋಗಲಿಲ್ಲ. ತಡೆಯಲಾಗದೆ ಹೇಳಿಬಿಟ್ಟೆ. "ಪುಟ್ಟತಾಯಮ್ಮ, ನೀನು ತಿಳಿದುಕೊಂಡಷ್ಟು ದೊಡ್ಡವನಲ್ಲ ನಾನು. ಹಗ್ಗ ನನ್ನ ಕಾಲ ಹತ್ತಿರವೇ ಬಂದಿತ್ತು. ನಾನು ವಾಚು ಬಿಚ್ಚುತ್ತಾ ನಿಂತೆ."

"ನೋಡ್ದೆ ಬುಡಿ" ಎಂದಳು ಅವಳು. "ಓಡ್ತಾ ಓಡ್ತಾನೇ ನೋಡ್ದೆ. ನೀವು ವಾಚ್ಗೆ ಕೈ ಆಕ್ದೇಟ್ಗೇ ನಂಗೆ ಓದ್ ಜೀವ ಬಂದಂಗಾಯ್ತು. ಮೇಷ್ಟ್ರು ವಾಚು ಬಿಚ್ತಾವ್ರೆ, ಅಂದ್ಮೇಲೆ ನೀರ್ಗ್ ಬಿದ್ದೇ ಬೀಳ್ತಾರೆ ಅಂದ್ಕಂಡೆ. ಬೀಳ್ದೆ ಇರೋನು ವಾಚ್ಯಾಕ್ ಬಿಚ್ಚಾನು, ಏಳಿ?"

ನಾನು ಇಪ್ಪತ್ತೇಳು ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿರುವವನು. ಹುಡುಗರ ತಪ್ಪಿನಲ್ಲಿ ಸರಿ ಹುಡುಕುವ ಇಂಥ ಮನಸ್ಸು ನನಗೆ ಒಂದು ದಿನವೂ ಬಂದಿಲ್ಲ. ಅರ್ಧ ಅಂಕಕ್ಕೂ ಅವರನ್ನು ಗೋಳು ಹೊಯ್ದುಕೊಂಡಿದ್ದೇನೆ. ಅಕ್ಷರ ಬಾರದ ಪುಟ್ಟತಾಯಮ್ಮ ನನ್ನ ಇಪ್ಪತ್ತೆರಡು ಸೆಕೆಂಡಿನ ತಪ್ಪನ್ನು ಕಣ್ಣಾರೆ ಕಂಡೂ ನೂರಕ್ಕೆ ನೂರು ಕೊಟ್ಟು ಎದುರಿಗೆ ಕೂತಿದ್ದಳು. ಮರುಮೌಲ್ಯಮಾಪನ ಮಾಡು ಎಂದು ಕೇಳುವಷ್ಟು ಪ್ರಾಮಾಣಿಕತೆ ನನ್ನಲ್ಲಿ ಉಳಿದಿರಲಿಲ್ಲ. ಬಟ್ಟಲು ಎತ್ತಿಕೊಂಡೆ. ಗಿಣ್ಣು ಬಹಳ ಚೆನ್ನಾಗಿತ್ತು.