ನಲವತ್ತನೆಯ ಡಬ್ಬ

"ಅತಿಥಿಗಳು ಇರೋ ಹತ್ತು ದಿನವೂ ಗಡಿಯಾರದ ಮುಳ್ಳಿನ ಹಾಗೆ ನಡೆಯುತ್ತೆ, ನೋಡ್ತಿರು!" ಎಂದು ಮರ್ವ್ ತನ್ನ ಹಾಯಿದೋಣಿಯ ಅಡುಗೆಮೂಲೆಯಲ್ಲಿ ನಿಂತು ಘೋಷಿಸಿದ.

ಹೆಂಡತಿ ನೋಯ್ಲೀನ್ ಈರುಳ್ಳಿ ಹೆಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಇಲ್ಲಿ ಹಾಗೆ ನಡೀದೇ ಇದ್ದಿದ್ದು ಯಾವಾಗ? ಮುಂದಿನ ತಿಂಗಳು ಮೂರನೇ ಮಂಗಳವಾರ ರಾತ್ರಿ ಏನು ತಿಂತೀವಿ ಅಂತ ನಂಗೆ ಇವತ್ತೇ ಗೊತ್ತು."

"ಬಟಾಣಿ, ಸಾಸೇಜು," ಎಂದ ಮರ್ವ್ ಹೆಮ್ಮೆಯಿಂದ.

"ಅದೇ ನಾನು ಹೇಳಿದ್ದು."

ಮರ್ವ್ ನ್ಯೂಜಿಲೆಂಡಿನಲ್ಲಿ ಮೂವತ್ತೈದು ವರ್ಷ ರೈಲುಗಳ ವೇಳಾಪಟ್ಟಿ ಬರೆದು ನಿವೃತ್ತನಾದವನು. ರೈಲು ಬಿಟ್ಟರೂ ಪಟ್ಟಿ ಬಿಡಲಿಲ್ಲ. 'ಗ್ಯಾನೆಟ್' ಎಂಬ ಈ ದೋಣಿ ಕೊಂಡು, ವರ್ಷವಿಡೀ ಸೆಕೆನಾಡಾದ ಟೋಂಗಾದ ವಾವಾಊ ದ್ವೀಪಗಳ ನಡುವೆ ಹೆಂಡತಿಯ ಜೊತೆ ಸುತ್ತುತ್ತಿದ್ದ. ಇದು ಮೂರನೆಯ ವರ್ಷ. ಹಲ್ಲುಜ್ಜಲು ಎಷ್ಟು ಲೋಟ ನೀರು, ಕಕ್ಕಸಿನ ಪಂಪಿಗೆ ಎಷ್ಟು ಬಾರಿ ಒತ್ತು, ಎಲ್ಲಕ್ಕೂ ಗೋಡೆಯ ಮೇಲೆ ಪಟ್ಟಿ!

ಆದರೆ ಅವನ ಸಾಮ್ರಾಜ್ಯದ ಕಿರೀಟವೆಂದರೆ ಡಬ್ಬಗಳು. ದೋಣಿಯಲ್ಲಿ ಬದುಕುವವರೆಲ್ಲ ತಿನಿಸಿನ ಡಬ್ಬಗಳ ಮೇಲಿನ ಕಾಗದ ಕಿತ್ತೇ ಒಳಗೆ ತರುತ್ತಾರೆ. ಕಾಗದ ತೇವಕ್ಕೆ ಕಳಚಿಕೊಂಡು ತಳದ ನೀರೆತ್ತುವ ಪಂಪಿಗೆ ಸಿಕ್ಕಿಹಾಕಿಕೊಂಡರೆ ದೋಣಿಯ ಕಥೆ ಮುಗಿಯಿತು. ಅದರ ಅಂಟಿನಲ್ಲಿ ಜಿರಳೆ ಬೇರೆ ಸಂಸಾರ ಹೂಡುತ್ತದೆ. ಹಾಗಾಗಿ ಕಾಗದ ಕಿತ್ತು, ಮುಚ್ಚಳದ ಮೇಲೆ 'ಬೀನ್ಸ್', 'ಮೀನು' ಎಂದು ಪೆನ್ನಿನಲ್ಲಿ ಗೀಚಿಕೊಳ್ಳುವುದು ವಾಡಿಕೆ. ಮರ್ವ್‌ಗೆ ಅಷ್ಟು ಸಾಲುತ್ತದೆಯೇ? ಅವನು ಒಂದರಿಂದ ಎಂಬತ್ತರವರೆಗೆ ನಂಬರು ಬರೆದು, ಯಾವ ನಂಬರಿನಲ್ಲಿ ಏನಿದೆ ಎಂಬುದನ್ನು ಒಂದು ಕಪ್ಪು ಪುಸ್ತಕದಲ್ಲಿ ಬರೆದಿಟ್ಟಿದ್ದ.

ಆ ಪುಸ್ತಕದಲ್ಲಿ ಒಂದೇ ಒಂದು ಸುಳ್ಳಿತ್ತು. ನಲವತ್ತನೆಯ ನಂಬರಿನ ಮುಂದೆ 'ಬಟಾಣಿ' ಎಂದು ಬರೆದಿತ್ತು. ನಿಜಕ್ಕೂ ಅದರೊಳಗಿದ್ದದ್ದು ಒಣದ್ರಾಕ್ಷಿ ಪುಡಿಂಗ್ ಎಂಬ ಗಟ್ಟಿ ಸಿಹಿತಿಂಡಿ, ನೋಯ್ಲೀನ್‌ಗೆ ಪ್ರಾಣ. ಬರುವ ಭಾನುವಾರ ಅವರ ಮದುವೆಯಾಗಿ ನಲವತ್ತು ವರ್ಷ. ಅಂದು ಎಲ್ಲರೆದುರು ಆ ಡಬ್ಬ ತೆರೆಯಬೇಕೆಂದು ಮರ್ವ್ ಐದು ತಿಂಗಳಿಂದ ಗುಟ್ಟಾಗಿ ಕಾಯುತ್ತಿದ್ದ.

ಈಗ ಅದಕ್ಕೆ ಇನ್ನೊಂದು ಕಾರಣವೂ ಸೇರಿತ್ತು. ಹಿಂದಿನ ವಾರ ನೋಯ್ಲೀನ್ ಮೆಲ್ಲಗೆ ಹೇಳಿದ್ದಳು: "ಟಿಕೆಟ್ ತಗೊಂಡಿದ್ದೀನಿ ಮರ್ವ್. ಗ್ಲೆನಿಸ್ ವಾಪಸ್ ಹೋಗುವಾಗ ನಾನೂ ಅವಳ ಜೊತೆ ಊರಿಗೆ ಹೋಗ್ತೀನಿ. ನಿನ್ನ ಮೇಲೆ ಕೋಪ ಇಲ್ಲ. ನಗೋದೇ ಮರೆತು ಹೋಗಿದೆ, ಅಷ್ಟೇ."

ಗ್ಲೆನಿಸ್ ಎಂದರೆ ಊರಿನಲ್ಲಿ ವರ್ಷಗಟ್ಟಲೆ ಬೇಲಿಯಾಚೆ ಇದ್ದ ನೆರೆಯವಳು. ಅವಳೂ ಅವಳ ಗಂಡ ಟ್ರೆವರನೂ ಹತ್ತು ದಿನಕ್ಕೆ ಅತಿಥಿಗಳಾಗಿ ಬರುವವರಿದ್ದರು. ಅವರು ಹೋಗುವಾಗ ಹೆಂಡತಿಯೂ ಹೋದರೆ ಈ ದೋಣಿ ತನಗೇಕೆ ಎಂದು ಮರ್ವ್‌ಗೆ ಎದೆ ಭಾರವಾಗಿತ್ತು. ಆದರೂ ಅವನಿಗೆ ಗೊತ್ತಿದ್ದ ಔಷಧ ಒಂದೇ, ಇನ್ನೂ ಚೆನ್ನಾಗಿರುವ ಇನ್ನೊಂದು ಪಟ್ಟಿ!

ಗುರುವಾರ ಅತಿಥಿಗಳು ಹತ್ತಿದರು. ಅವರು ಕೂರುವ ಮೊದಲೇ ಮರ್ವ್ ಹದಿನೇಳು ನಿಯಮಗಳ ಹಾಳೆ ಕೈಗಿತ್ತ.

"ಹಗ್ಗ ಮುಟ್ಟಬಾರದು. ಎಂಜಿನ್ ಮುಟ್ಟಬಾರದು. ಲಂಗರು ಮುಟ್ಟಬಾರದು. ನಲ್ಲಿಯಾದರೆ ಅಪ್ಪಣೆ ಕೇಳಿ ಮುಟ್ಟಬೇಕು..." ಗ್ಲೆನಿಸ್ ಗಟ್ಟಿಯಾಗಿ ಓದಿದಳು. "ಉಸಿರಾಟಕ್ಕೆ ಏನೂ ಹೇಳಿಲ್ವಲ್ಲ ಮರ್ವ್?"

"ಅದು ಹಾಳೆಯ ಹಿಂಬದೀಲಿರುತ್ತೆ," ಎಂದಳು ನೋಯ್ಲೀನ್.

ಟ್ರೆವರ್ ನಗಲಿಲ್ಲ. ಜೀವಮಾನವಿಡೀ ಹಾಲಿನ ವ್ಯಾನು ಓಡಿಸಿದ ಮನುಷ್ಯ, ಕೈಕಟ್ಟಿ ಕೂರುವುದು ಅವನ ಜಾತಕದಲ್ಲೇ ಇರಲಿಲ್ಲ. ಶುಕ್ರವಾರ ಮುಂಜಾನೆ ನಾಲ್ಕಕ್ಕೇ ಎಚ್ಚರವಾಯಿತು. ಹದಿನೇಳೂ ನಿಯಮಗಳನ್ನು ಎರಡು ಸಲ ಓದಿ, ಯಾವುದನ್ನೂ ಮುರಿಯದ ಒಂದು ಕೆಲಸ ಹುಡುಕಿಯೇ ಬಿಟ್ಟ!

ಏಳು ಗಂಟೆಗೆ ಮರ್ವ್ ಎದ್ದು ನೋಡಿದರೆ ಡಬ್ಬಗಳೆಲ್ಲ ಸಾಲಾಗಿ ನಿಂತು ಬೆಳ್ಳಿಯಂತೆ ಹೊಳೆಯುತ್ತಿವೆ.

"ತುಕ್ಕು ಹಿಡೀತಿತ್ತು ಮಾರಾಯ," ಎಂದ ಟ್ರೆವರ್ ಕೈ ಒರೆಸುತ್ತ. "ಸ್ಪಿರಿಟ್ ಹಾಕಿ ತಿಕ್ಕಿದೆ. ಯಾರೋ ಮೇಲೆಲ್ಲ ಗೀಚಿದ್ರು, ಅದೂ ಹೋಯ್ತು."

ಮರ್ವ್ ಒಂದೊಂದೇ ಡಬ್ಬ ಎತ್ತಿ ತಿರುಗಿಸಿ ನೋಡಿದ. ಒಂದರ ಮೇಲೂ ನಂಬರಿಲ್ಲ. ಕಪ್ಪು ಪುಸ್ತಕ ಕೈಯಲ್ಲೇ ಇತ್ತು, ಆದರೆ ಅದರ ರಾಜ್ಯ ಬೆಳಗಾಗುವಷ್ಟರಲ್ಲಿ ಮುಳುಗಿಹೋಗಿತ್ತು.

"ತಪ್ಪು ಮಾಡಿದ್ನಾ?" ಟ್ರೆವರನ ಮುಖ ಸಣ್ಣಗಾಯಿತು.

"ಇಲ್ಲ ಇಲ್ಲ," ಎಂದ ಮರ್ವ್. ಅತಿಥಿಯ ಮುಂದೆ ಜಂಬವೊಂದಾದರೂ ಉಳಿಯಬೇಕಲ್ಲ! "ನಂಗೆ ನಂಬರೇ ಬೇಡ. ಅಲ್ಲಾಡಿಸಿದ್ರೆ ಸಾಕು, ಒಳಗೇನಿದೆ ಅಂತ ಹೇಳ್ತೀನಿ."

ಅಂದು ಸಂಜೆ ಮೀನಿನ ಸಾರಿಗೆ ಟೊಮೆಟೊ ಬೇಕಾಯಿತು. ಮರ್ವ್ ಒಂದು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು, ವೈದ್ಯನಂತೆ ಕಣ್ಣು ಮುಚ್ಚಿ ಅಲ್ಲಾಡಿಸಿದ.

"ಟೊಮೆಟೊ. ಸಂಶಯವೇ ಇಲ್ಲ!"

ಪೀಚ್ ಹಣ್ಣು. ಎರಡನೆಯ ಟೊಮೆಟೊ ಬೀಟ್‌ರೂಟ್ ಆಗಿ ಹೊರಬಂತು. ಮೂರನೆಯದು ಸಿಹಿಹಾಲು. ತೆರೆದದ್ದನ್ನು ಆ ಸೆಕೆಗೆ ಇಟ್ಟುಕೊಳ್ಳುವಂತಿಲ್ಲ, ಅನ್ನ ಎಸೆಯುವ ಮನಸ್ಸು ನಾಲ್ವರಲ್ಲಿ ಯಾರಿಗೂ ಇಲ್ಲ. ಮೀನಿನ ಜೊತೆ ಪೀಚ್, ಪೀಚಿನ ಜೊತೆ ಬೀಟ್‌ರೂಟ್ ಬೆರೆತು ತಟ್ಟೆಗಳೆಲ್ಲ ಕೆಂಪಾದವು.

ಗ್ಲೆನಿಸ್ ಒಂದು ತುತ್ತು ಬಾಯಿಗಿಟ್ಟು ಗಂಭೀರವಾಗಿ ಕೇಳಿದಳು: "ನಿಯಮ ಎಷ್ಟರಲ್ಲಿ ಬರುತ್ತೆ ಇದು?"

ನೋಯ್ಲೀನ್ ಕೈಯಿಂದ ಚಮಚ ಜಾರಿತು. ಮೊದಲು ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ಅವಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಮರ್ವ್‌ಗೆ ಅವಮಾನವೂ ಆಯಿತು, ಆ ನಗು ಕೇಳಿ ಎಷ್ಟು ದಿನವಾಯಿತೆಂದು ಒಳಗೆಲ್ಲೋ ಚುರ್ರೆಂದಿತು ಕೂಡ.

ಆದರೆ ಅವನ ನಿಜವಾದ ಚಿಂತೆ ಪುಡಿಂಗ್‌ನದು. ಭಾನುವಾರ ಟೋಂಗಾದಲ್ಲಿ ಅಂಗಡಿ ತೆರೆಯುವುದಿಲ್ಲ, ಅಡುಗೆ ಬಿಟ್ಟರೆ ಯಾರೂ ಕೆಲಸ ಮಾಡುವುದಿಲ್ಲ. ಏನಿದ್ದರೂ ಶನಿವಾರದೊಳಗೆ ಸಿಗಬೇಕು. ಶನಿವಾರ ಬೆಳಿಗ್ಗೆ ಉಳಿದವರು ಈಜಲು ನೀರಿಗಿಳಿದದ್ದೇ ತಡ, ಮರ್ವ್ ಕಳ್ಳನಂತೆ ಡಬ್ಬಗಳ ಮೇಲೆ ಬಿದ್ದ. ತೆರೆದ ಒಂಬತ್ತರಲ್ಲಿ ನಾಲ್ಕು ಶಾವಿಗೆ, ಮೂರು ಜೋಳ, ಎರಡು ನಿಜವಾದ ಬಟಾಣಿ!

"ಇಷ್ಟು ಹಸಿವಾ ನಿಂಗೆ?" ಏಣಿ ಹತ್ತಿ ಬಂದ ಟ್ರೆವರ್ ಕೇಳಿದ.

"ತನಿಖೆ," ಎಂದ ಮರ್ವ್.

ಆ ದಿನ ಮೂರು ಹೊತ್ತೂ ತನಿಖೆಯನ್ನೇ ಉಣ್ಣಬೇಕಾಯಿತು.

ಭಾನುವಾರ ಬೆಳಗಾಯಿತು. ದಡದ ಹಳ್ಳಿಯ ಲೂಪೆ ಎಂಬ ಹೆಂಗಸು ಅವರಿಗೆ ಪಪ್ಪಾಯಿ ಕೊಡುತ್ತಿದ್ದವಳು, ಚರ್ಚಿನಲ್ಲಿ ಎತ್ತರದ ದನಿಯಲ್ಲಿ ಹಾಡುವವಳು. ಪ್ರಾರ್ಥನೆಯಾದ ಮೇಲೆ ನಾಲ್ವರೂ ತನ್ನ ಮನೆಗೇ ಊಟಕ್ಕೆ ಬರಬೇಕೆಂದಿದ್ದಳು. ಬರಿಗೈಯಲ್ಲಿ ಹೋಗುವುದುಂಟೇ? ಟೋಂಗಾದವರಿಗೆ ಉಪ್ಪುಮಾಂಸದ ಡಬ್ಬಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಮರ್ವ್ ಒಂದು ಡಬ್ಬ ಅಲ್ಲಾಡಿಸಿದ. ನೀರಿನ ಸದ್ದಿಲ್ಲ, ಕೈಗೆ ಭಾರ. "ಮಾಂಸ! ಈ ಸಲ ತಪ್ಪಿದ್ರೆ ನನ್ನ ಹೆಸರು ಬದಲಾಯಿಸಿ!"

ಚರ್ಚಿನ ಗಂಟೆಗೆ ಮೊದಲೇ ಲೂಪೆಯ ಅಂಗಳ ಹೊಗೆಯಾಡುತ್ತಿತ್ತು. ನೆಲದ ಕುಣಿಯಲ್ಲಿ ಕಲ್ಲುಗಳು ಕೆಂಪಗೆ ಕಾದಿದ್ದವು. ಅವಳು ಕೆಸುವಿನ ಎಲೆಗಳನ್ನು ಅಂಗೈ ಮೇಲೆ ಹರಡಿಕೊಂಡು ತೆಂಗಿನ ಹಾಲು, ಈರುಳ್ಳಿ ಹಾಕಿ ಮಡಿಸುತ್ತಿದ್ದಳು.

"ನಮ್ಮ ಊರಿನ ಅತ್ಯುತ್ತಮ ಮಾಂಸ!" ಎಂದು ಮರ್ವ್ ತಲೆಬಾಗಿ ಡಬ್ಬ ನೀಡಿದ.

"ಅಯ್ಯೋ, ನೀವೇ ಇಟ್ಕೋಬಾರ್ದಿತ್ತಾ? ದೊಡ್ಡ ಮನಸ್ಸು ನಿಮ್ದು," ಎಂದು ಲೂಪೆ ಎದೆಗೊತ್ತಿಕೊಂಡಳು. ಅವರು ಮುಂದಾಗಿ ಚರ್ಚಿಗೆ ಹೊರಟ ಮೇಲೆ ಲೂಪೆ ಡಬ್ಬ ತೆರೆದು, ಎಲೆಯಲ್ಲಿ ಕಟ್ಟಿ ಕುಣಿಗಿಳಿಸಿದಳು. ಊಟ ಮಣ್ಣಿನಡಿ ಬೇಯುತ್ತ ಉಳಿಯಿತು.

ಮಧ್ಯಾಹ್ನ ಚಾಪೆಯ ಮೇಲೆ ಎಲ್ಲರೂ ಕೂತರು. ಲೂಪೆ ಮೊದಲ ಎಲೆಗಂಟನ್ನು ನೋಯ್ಲೀನ್ ಮುಂದಿಟ್ಟಳು. "ಇದು ನಿಮ್ಮದೇ ಮಾಂಸ. ಮೊದಲು ನೀವು."

ನೋಯ್ಲೀನ್ ಎಲೆ ಬಿಡಿಸಿ ಒಂದು ಚೂರು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಮತ್ತೆ ಒಂದು ಚೂರು ತೆಗೆದು ಮೂಸಿದಳು.

"ಮರ್ವ್. ಇದು ಒಣದ್ರಾಕ್ಷಿ ಪುಡಿಂಗ್."

ಮರ್ವ್ ಎಲೆಗಂಟಿನ ಮೇಲೆ ಬಾಗಿ ನೋಡಿದ. ಲೂಪೆ ಕೆನ್ನೆ ಹಿಡಿದುಕೊಂಡಳು. "ನಂಗೂ ಸಕ್ಕರೆ ವಾಸನೆ ಬಂತು! ಆದ್ರೆ ಅಷ್ಟು ದೂರದಿಂದ ಬಂದವರು ಮಾಂಸ ಅಂದ್ಮೇಲೆ ಅದು ಮಾಂಸಾನೇ. ಅಲ್ಲ ಅನ್ನೋದು ಮರ್ಯಾದೆ ಅಲ್ಲ. ಈರುಳ್ಳಿ ಸ್ವಲ್ಪ ಜಾಸ್ತಿನೇ ಹಾಕ್ದೆ."

ಅತಿಥಿ ಎದ್ದು ನಾಲ್ಕು ಮಾತಾಡುವುದು ಅಲ್ಲಿಯ ರೂಢಿ. ಎಲ್ಲರೂ ಮರ್ವ್‌ನ ಮುಖ ನೋಡಿದರು. ಅವನು ಎದ್ದ. ಬರೆದುಕೊಂಡ ಭಾಷಣ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ.

"ಅದು ನಲವತ್ತನೇ ನಂಬರು," ಎಂದ. "ಬಟಾಣಿ ಅಂತ ಸುಳ್ಳು ಬರೆದಿದ್ದೆ. ಇವತ್ತಿಗೆ ನಾವು ಮದುವೆಯಾಗಿ ನಲವತ್ತು ವರ್ಷ. ಇದನ್ನ ತಿಂದಾದ್ರೂ ಇವಳು ನನ್ನ ಬಿಟ್ಟು ಹೋಗಲ್ಲ ಅಂದ್ಕೊಂಡಿದ್ದೆ. ಈಗ ಅದಕ್ಕೂ ಈರುಳ್ಳಿ ಹಾಕಿಸ್ಬಿಟ್ಟೆ."

ಲೂಪೆ ಸೆರಗಿಲ್ಲದಿದ್ದರೂ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ಟ್ರೆವರ್ ತನ್ನ ಕೈಗಳನ್ನು ನೋಡಿಕೊಂಡು, "ಎಲ್ಲಾ ನನ್ನ ಸ್ಪಿರಿಟ್ಟು," ಎಂದು ಗೊಣಗಿದ. ನೋಯ್ಲೀನ್ ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಗಂಡನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಅವನ ಬಾಯಿಗೂ ಒಂದು ತುತ್ತಿಟ್ಟಳು.

"ಹೇಗಿದೆ?"

"ಘೋರ," ಎಂದ ಮರ್ವ್.

"ಘೋರವೇ," ಎಂದು ಅವಳು ಇನ್ನೊಂದು ತುತ್ತು ತಿಂದಳು. ಇಬ್ಬರೂ ಸೇರಿ ಆ ಎಲೆಗಂಟನ್ನು ಪೂರ್ತಿ ಮುಗಿಸಿದರು.

ಉಳಿದ ವಾರ ಹೇಗೆ ಕಳೆಯಿತೋ! ದಿನವೂ ಡಬ್ಬ ತೆರೆಯುವ ಮುನ್ನ ಒಳಗೇನಿದೆ ಎಂದು ಪಂದ್ಯ, ಸೋತವರಿಗೆ ಪಾತ್ರೆ ತೊಳೆಯುವ ಕೆಲಸ. ಸಂಜೆಯಾದರೆ ಗೆಳತಿಯರಿಬ್ಬರ ನಗು ನೀರಿನ ಮೇಲೆ ದಡದವರೆಗೂ ಕೇಳುತ್ತಿತ್ತು. ಮರ್ವ್ ಮಾತ್ರ ಟಿಕೆಟ್ಟಿನ ಮಾತೆತ್ತಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ.

ಶನಿವಾರ ವಿಮಾನ. ದೋಣಿಯ ಮೇಲ್ಭಾಗದಲ್ಲಿ ಮೂರು ಬ್ಯಾಗುಗಳಿದ್ದವು. ಎರಡು ಅತಿಥಿಗಳದು, ಒಂದು ನೋಯ್ಲೀನ್‌ಳದು. ಮರ್ವ್ ಅದನ್ನು ನೋಡಿ, ಕೊನೆಯ ಊಟಕ್ಕೆ ಏನಾದರೂ ಮಾಡುತ್ತೇನೆಂದು ಯಾರಿಗೂ ಮುಖ ತೋರಿಸದೆ ಕೆಳಗಿಳಿದ. ಕಪಾಟಿನ ಬಾಗಿಲು ತೆರೆದ.

ಉಳಿದ ಡಬ್ಬಗಳ ಮುಚ್ಚಳದ ಮೇಲೆಲ್ಲ ಏನೋ ಬರೆದಿತ್ತು! ನೋಯ್ಲೀನ್‌ಳ ದುಂಡು ಅಕ್ಷರ. ಮೊದಲನೆಯದರ ಮೇಲೆ ನಾಳಿನ ತಾರೀಖು, ಅಂಗಡಿ ಮುಚ್ಚಿರುವ ಭಾನುವಾರ. ಪಕ್ಕದ್ದರ ಮೇಲೆ ಮುಂದಿನ ಭಾನುವಾರ. ಅವನು ಮಂಡಿಯೂರಿ ಎಣಿಸಿದ. ಐವತ್ತೆರಡು ಡಬ್ಬ, ಐವತ್ತೆರಡು ಭಾನುವಾರ. ಕೊನೆಯದು ಮುಂದಿನ ವರ್ಷದ ಸೆಪ್ಟೆಂಬರ್‌ನದು.

ಮರ್ವ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ತಲೆಯ ಮೇಲೆ ಏಣಿಯ ಬಾಯಲ್ಲಿ ಹೆಂಡತಿಯ ಮುಖ ಕಾಣಿಸಿತು.

"ಆ ಬ್ಯಾಗು?" ಎಂದ.

"ಸ್ವೆಟರ್‌ಗಳು. ಗ್ಲೆನಿಸ್ ಮನೆಗೆ ತಗೊಂಡು ಹೋಗ್ತಾಳೆ. ಈ ಸೆಕೆಗೆ ನಂಗ್ಯಾಕೆ?"

ಮರ್ವ್ ಕಣ್ಣೊರೆಸಿಕೊಂಡು ಅಭ್ಯಾಸಬಲದಿಂದ ಜೇಬಿನ ಪೆನ್ನು ತೆಗೆದ. ಡಬ್ಬಗಳನ್ನು ಒಮ್ಮೆ ನೋಡಿ ಹುಬ್ಬು ಗಂಟಿಕ್ಕಿದ.

"ಎಲ್ಲಾ ಸರಿ ಕಣೇ. ಒಳಗೇನಿದೆ ಅಂತ ಒಂದರ ಮೇಲೂ ಬರೆದಿಲ್ವಲ್ಲ?"

"ಪೆನ್ನು ಒಳಗಿಡು," ಎಂದಳು ನೋಯ್ಲೀನ್. "ಅದು ಗೊತ್ತಿದ್ದಿದ್ರೆ ನಾನ್ಯಾಕೆ ಉಳೀತಿದ್ದೆ?"