ಕಟ್ಟೆಗೆ ಮುಖ ಮಾಡಿದ ಸಂಡಾಸ

ನಾಚಿಕೆ ಕೆಲವರಿಗೆ ಮುಖಕ್ಕೆ ಬರುತ್ತದೆ, ಕೆಂಪಾಗಿ ಕೂತು ಸ್ವಲ್ಪ ಹೊತ್ತಿಗೆ ಇಳಿದು ಹೋಗುತ್ತದೆ. ನನಗೆ ಅದು ಕಾಲಿಗೆ ಬರುತ್ತದೆ. ನಾಲ್ಕು ಜನ ಗಂಡಸರು ಕೂತಿದ್ದಾರೆಂದರೆ ಅವರ ಮುಂದಿನಿಂದ ಹಾದುಹೋಗಲು ನನ್ನ ಕಾಲು ಏಳುವುದಿಲ್ಲ. ಅರವತ್ತು ದಾಟಿದೆ, ಮೊಮ್ಮಕ್ಕಳು ನೀವಿದ್ದೀರಿ, ಇನ್ನೂ ಏಳುವುದಿಲ್ಲ. ಹೋದ ವಾರ ಸ್ವಾತಿ ಎಲ್ಲರ ಎದುರು, ಅಜ್ಜಿ ಸಂಡಾಸಕ್ಕೆ ಹೋಗುವಾಗಲೆಲ್ಲ ಕಸಬರಿಗೆ ಯಾಕೆ ಹಿಡಿದುಕೊಂಡು ಹೋಗುತ್ತಾಳೆ ಎಂದು ಕೇಳಿದಳು. ಅಮಿತ ಬಿದ್ದು ಬಿದ್ದು ನಕ್ಕ. ನಾನು ಏನೂ ಕೇಳಿಸದವಳ ಹಾಗೆ ಶೇಂಗಾ ಸುಲಿಯುತ್ತ ಕೂತೆ. ಬಾಯಿಂದ ಹೇಳಲು ಆಗದ್ದನ್ನು ಈಗ ಬರೆಯುತ್ತಿದ್ದೇನೆ. ನಿಮ್ಮದು ಮರಾಠಿ ಸಾಲೆ. ಒಂದೊಂದೇ ಅಕ್ಷರ ಕೂಡಿಸಿ ಕನ್ನಡ ಓದುವಷ್ಟರಲ್ಲಿ ಅರ್ಧಕ್ಕೇ ಬೇಸರವಾಗಿ ಬಿಟ್ಟುಬಿಡುತ್ತೀರಿ ಎಂಬ ಧೈರ್ಯವೂ ನನಗಿದೆ.

ನಮ್ಮ ಹಳ್ಳಿ ನಿಮಗೆ ಗೊತ್ತು, ಮೈಂದರ್ಗಿಯಲ್ಲಿ ಬಸ್ಸು ಇಳಿದು ನಡೆಯಬೇಕು. ನಿಮ್ಮ ಅಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು, ಆಗ ಊರಿಗೆ ನಳದ ನೀರು ತರುವ ಒಂದು ಯೋಜನೆ ಬಂತು. ಅದು ಪೂರಾ ಸರಕಾರದ್ದಲ್ಲ, ಪೂರಾ ಖಾಸಗಿಯೂ ಅಲ್ಲ. ಸರಕಾರ ಪೈಪು ಕೊಡುವುದು. ಸೊಲ್ಲಾಪುರದ ಒಂದು ಕಂಪನಿ ಬೋರು ಹೊಡೆದು, ನೀರಿನ ಟಾಕಿ ಕಟ್ಟಿ, ಪಂಪು ನಡೆಸಿಕೊಡುವುದು. ಊರಿನವರು ಪೈಪಿಗೆ ತಗ್ಗು ತೋಡುವುದು, ಮತ್ತು ಸಮಿತಿ ಮಾಡಿಕೊಂಡು ಉಳಿದಿಬ್ಬರ ಮೇಲೆ ಕಣ್ಣಿಡುವುದು. ಕೇಳಲು ಬಹಳ ಚೆಂದ. ಆದರೆ ನಡೆಯುತ್ತ ನಡೆಯುತ್ತ ನಾನು ಕಂಡುಕೊಂಡದ್ದೇನೆಂದರೆ, ಮೂವರು ಕೂಡಿ ಮಾಡಿದ ಕೆಲಸದಲ್ಲಿ ಏನಾದರೂ ಕೆಟ್ಟರೆ ಪ್ರತಿಯೊಬ್ಬರಿಗೂ ಬೆರಳು ತೋರಿಸಲು ಇಬ್ಬರು ಸಿಗುತ್ತಾರೆ.

ಸಮಿತಿಯಲ್ಲಿ ಹೆಣ್ಣುಮಕ್ಕಳೂ ಇರಬೇಕೆಂದು ಮೇಲಿನಿಂದ ಹುಕುಂ ಇತ್ತು. ಸರಪಂಚರು ನಮ್ಮ ಮನೆಗೆ ಬಂದು ನನ್ನ ಹೆಸರು ಬರೆದುಕೊಂಡರು. ನಾಲ್ಕನೆಯ ಇಯತ್ತೆ ಓದಿದ್ದೇನೆ, ಸಹಿ ಮಾಡಲು ಬರುತ್ತದೆ ಎಂದು ಆರಿಸಿದರು ಅಂತ ಹಿಗ್ಗಿದ್ದೆ. ಆಮೇಲೆ ಧನಗರ ಓಣಿಯ ನೀಲವ್ವ ನಿಜ ಹೇಳಿದಳು. ಅವಳದು ಕುರಿ ಸಾಕುವ ಮನೆತನ, ಬೀರೋಬಾನ ಮೇಲೆ ಭಕ್ತಿ, ಮನುಷ್ಯರ ಮೇಲೆ ಭಯವಿಲ್ಲ.

"ನೀ ಮಾತಾಡೂದಿಲ್ಲಂತನ ನಿನ್ನ ತಗೊಂಡಾರ ನೋಡಕ್ಕಾ," ಎಂದಳು. "ನನ್ನ ತಗೊಂಡಿದ್ರ ಅವ್ರಿಗಿ ಮೀಟಿಂಗ ಮುಗಸಾಕ ಬರತಿದ್ದಿಲ್ಲ."

ನೀಲವ್ವ ಸುಮ್ಮನೆ ಚೇಷ್ಟೆ ಮಾಡುತ್ತಿರಲಿಲ್ಲ. ಊರಿನಲ್ಲಿ ನೀರಿಗೆ ಅತಿ ದೂರದವರು ಅವರ ಓಣಿಯವರೇ. ಹೊಲದ ಬಾವಿಯ ಪಾವಟಿಗೆ ಇಳಿದು ಕೊಡ ತುಂಬಿ, ತಲೆಯ ಮೇಲೆ ಒಂದು, ಕಂಕುಳಲ್ಲಿ ಒಂದು ಹೊತ್ತು ತರಬೇಕು. ಅವಳ ಸೊಸೆ ಬಸುರಿಯಿದ್ದಾಗ ಆ ಪಾವಟಿಗೆಯ ಮೇಲೆಯೇ ಜಾರಿ ಬಿದ್ದಿದ್ದಳು. ಕೂಸು ಉಳಿಯಲಿಲ್ಲ. ಈಗ ಮತ್ತೆ ಎರಡು ತಿಂಗಳಾಗಿತ್ತು. "ಇವಳಿಗಿ ದಿನಾ ತುಂಬೂದ್ರಾಗ ನಳಾ ಬಂದ್ರ ಸಾಕು," ಎಂದು ನೀಲವ್ವ ಮೇಲಿಂದ ಮೇಲೆ ಅನ್ನುತ್ತಿದ್ದಳು. ನನ್ನ ಮುಖ ನೋಡಿಕೊಂಡೇ ಅನ್ನುತ್ತಿದ್ದಳು, ಯಾಕೆಂದರೆ ನಾನು ಸಮಿತಿ.

ನಳ ಬರುವುದಕ್ಕೆ ಒಂದು ಷರತ್ತು ಇತ್ತು. ನೀರಿನ ಜೊತೆಗೆ ಸ್ವಚ್ಛತೆಯೂ ಬರಬೇಕಂತೆ. ಮೊದಲು ಊರಿನಲ್ಲಿ ಒಂದು ಮಾದರಿ ಸಂಡಾಸ ಕಟ್ಟಬೇಕು, ಅದನ್ನು ಜನ ಬಳಸಬೇಕು, ಸೊಲ್ಲಾಪುರದಿಂದ ಸಾಹೇಬರು ಬಂದು ನೋಡಿ ಬಳಕೆಯಲ್ಲಿದೆ ಎಂದು ಬರೆಯಬೇಕು. ಆಮೇಲೆ ಸಾಲೆಯ ಮುಂದೆ ಒಟ್ಟಿದ್ದ ಪೈಪುಗಳು ಓಣಿಗಳ ಕಡೆ ಹೊರಡುತ್ತವೆ. ಬರೆಯದಿದ್ದರೆ ಅವೇ ಪೈಪು ಟ್ರಕ್ಕು ಏರಿ ಬೇರೆ ಊರಿಗೆ ಹೋಗುತ್ತವೆ. ಮಾದರಿ ಸಂಡಾಸ ಸಮಿತಿಯವರ ಮನೆಯಲ್ಲೇ ಆಗಲಿ ಎಂದರು. ಉಳಿದವರೆಲ್ಲ ಅಂಗಳವಿಲ್ಲ, ವಾಸ್ತು ಕೂಡುವುದಿಲ್ಲ, ತಾಯಿ ಒಪ್ಪುವುದಿಲ್ಲ ಎಂದು ಒಂದೊಂದು ಹೇಳಿದರು. ಏನೂ ಹೇಳದೆ ಕೂತವಳು ನಾನೊಬ್ಬಳೇ.

ಕಂಪನಿಯ ಮನುಷ್ಯ ಸುಣ್ಣದ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ. ರಸ್ತೆಯಿಂದ ಜೀಪಿನಲ್ಲಿ ಕೂತೇ ಕಾಣುವಂತಿರಲಿ ಎಂದರು ಸರಪಂಚರು. ಅವನು ಬೇವಿನ ಮರದ ಎದುರು ಗೆರೆ ಎಳೆದು, ಬಾಗಿಲು ಈ ಕಡೆ ಬರುತ್ತದೆ, ನಡೆದೀತೇ ಎಂದು ನನ್ನನ್ನು ಕೇಳಿದ. ಬೇವಿನ ಮರದ ಸುತ್ತ ಒಂದು ಕಟ್ಟೆ ಇದೆ. ಆ ಕಟ್ಟೆಯ ಮೇಲೆ ಮುಂಜಾನೆ ಚಹಾ ಆದಾಗಿನಿಂದ ದೀಪ ಹಚ್ಚುವವರೆಗೆ ನಮ್ಮ ಭಾವ, ಅಂದರೆ ನಿಮ್ಮ ಅಜ್ಜನ ಅಣ್ಣ, ನಿಮ್ಮ ದೊಡ್ಡಜ್ಜ, ತಮ್ಮ ಗೆಳೆಯರ ಜೊತೆ ಕೂತಿರುತ್ತಾರೆ. ಅಂದೂ ಕೂತಿದ್ದರು.

ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಂಗಸರು ಭಾವನ ಎದುರು ನಿಂತು ಮಾತಾಡುವುದಿಲ್ಲ. ನಾನು ಆ ಮನೆಗೆ ಬಂದು ನಲವತ್ತು ವರ್ಷವಾದರೂ ಅವರಿಗೆ ನೇರವಾಗಿ ಒಂದು ಮಾತು ಆಡಿದವಳಲ್ಲ. ಊಟಕ್ಕೆ ಏಳಿರಿ ಎನ್ನಬೇಕಾದರೆ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದೆ: "ರೊಟ್ಟಿ ಆಗ್ಯಾವಂತ ಹೇಳಬೇಕು." ಅವರೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು: "ಬರತಾರಂತ ಹೇಳು." ಆ ಕಂಬಕ್ಕೆ ನಮ್ಮ ಮನೆಯ ಸಮಾಚಾರವೆಲ್ಲ ಗೊತ್ತು. ಹೀಗಿರುವಾಗ ಭಾವನ ಎದುರು, ಅಲ್ಲಿ ಸಂಡಾಸದ ಬಾಗಿಲು ಬೇಡ ಎನ್ನುವುದು ಹೇಗೆ? ಸಂಡಾಸ ಎಂಬ ಶಬ್ದವೇ ಬಾಯಿಂದ ಹೊರಡಬೇಕಲ್ಲ. ನಾನು ಸೆರಗು ಹಣೆಯ ಮೇಲೆ ಎಳೆದುಕೊಂಡೆ. ಎಳೆಯುವಾಗ ತಲೆ ಅಲುಗಿತು. ಕಂಪನಿಯ ಮನುಷ್ಯ ಅದನ್ನು ಒಪ್ಪಿಗೆ ಎಂದು ಬರೆದುಕೊಂಡ.

ಹದಿನೈದು ದಿನದಲ್ಲಿ ಸಂಡಾಸ ಎದ್ದು ನಿಂತಿತು. ಗುಲಾಬಿ ಬಣ್ಣ, ನೀಲಿ ಬಾಗಿಲು, ನೆತ್ತಿಯ ಮೇಲೆ ಯೋಜನೆಯ ಹೆಸರು. ಬಾಗಿಲು ತೆರೆದರೆ ನೇರ ಭಾವನ ಮುಖ. ಬಾಗಿಲ ದಿಕ್ಕು ಬದಲಿಸಬಹುದೇ ಎಂದು ನೀಲವ್ವನ ಕಡೆಯಿಂದ ಕೇಳಿಸಿದೆ. ಕಂಪನಿಯವರು ನಕ್ಷೆ ಸರಕಾರದ್ದು ಎಂದರು. ತಾಲೂಕಿನವರು ಕಟ್ಟುವುದು ಕಂಪನಿಯ ಕೆಲಸ ಎಂದರು. ಸರಪಂಚರು, ಅಕ್ಕಾವರೇ ಗೋಣು ಹಾಕಿದ್ದಾರಲ್ಲ ಎಂದರು.

ಊರಿನ ಮಾದರಿ ಸಂಡಾಸಕ್ಕೆ ನಾನು ಕೀಲಿ ಹಾಕಿದೆ. ಬೀಗದ ಕೈ ಸೆರಗಿನ ತುದಿಗೆ ಕಟ್ಟಿಕೊಂಡೆ. ದಿನಾ ನಸುಕಿನಲ್ಲಿ ನೀರಿನ ಚರಗಿ ಹಿಡಿದು ನೀಲವ್ವ ಮತ್ತು ಓಣಿಯ ಹೆಂಗಸರ ಜೊತೆ ಹಳ್ಳದ ದಂಡೆಗೆ ಹೋಗುತ್ತಿದ್ದೆ, ಮೊದಲಿನಂತೆಯೇ. ಸ್ವಚ್ಛತಾ ಸಮಿತಿಯ ಸದಸ್ಯೆ ಜಾಲಿಕಂಟಿಯ ಮರೆಯಲ್ಲಿ ಕೂತಿರುವಾಗ ಸೆರಗಿನ ತುದಿಯಲ್ಲಿ ಸಂಡಾಸದ ಬೀಗದ ಕೈ ಚರಗಿಗೆ ಬಡಿದು ಟಿಣ್ ಎನ್ನುತ್ತಿತ್ತು. ನಿಜ ಹೇಳಲೇ? ಎಲ್ಲರಿಗಿಂತ ಹೆಚ್ಚು ನಾನು ಮಾತಾಡುತ್ತಿದ್ದದ್ದು ಆ ದಾರಿಯಲ್ಲೇ. ಮೀಟಿಂಗಿನಲ್ಲಿ ಆಡಬೇಕಾದ ಮಾತುಗಳನ್ನೆಲ್ಲ ನಾನು ಹಳ್ಳದ ದಾರಿಯಲ್ಲಿ ಆಡಿ ಮುಗಿಸಿದ್ದೇನೆ.

ಮಳೆಗಾಲ ಬಂತು. ಒಲೆಗೆಂದು ತಟ್ಟಿಟ್ಟ ಸಗಣಿಯ ಕುಳ್ಳು ತೋಯುತ್ತಿದ್ದವು. ಇಷ್ಟು ಗಟ್ಟಿ ಛಾವಣಿ ಸುಮ್ಮನೆ ಖಾಲಿ ಇದೆಯಲ್ಲ ಎನಿಸಿತು. ಒಂದು ಬುಟ್ಟಿ ಇಟ್ಟೆ. ಆಮೇಲೆ ಇನ್ನೊಂದು. ದಸರೆಯ ಹೊತ್ತಿಗೆ ಕುಳ್ಳು ಛಾವಣಿ ಮುಟ್ಟಿದ್ದವು. ನೀಲವ್ವ ತನ್ನ ಕೋಳಿಯನ್ನೂ ಅಲ್ಲಿ ಕಾವಿಗೆ ಕೂರಿಸಿದಳು. ಭಾವ ಕಟ್ಟೆಯ ಮೇಲೆ ಮುಖ ಅತ್ತ ತಿರುಗಿಸಿ ಕೂತಿದ್ದರು, ಕಂಬಕ್ಕೂ ಏನೂ ಹೇಳಲಿಲ್ಲ.

ಒಂದು ದಿನ ಸರಪಂಚರು ಓಡುತ್ತ ಬಂದು, ನಾಳೆ ಸೊಲ್ಲಾಪುರದ ಸಾಹೇಬರು ಬರುತ್ತಾರೆ, ಸಂಡಾಸ ತಯಾರಿರಲಿ ಎಂದರು. ಮರುದಿನ ನಸುಕಿನಿಂದ ನಾನು, ನೀಲವ್ವ ಕುಳ್ಳು ಹೊತ್ತೆವು. ಅವಳ ಸೊಸೆಯೂ ಬಂದಳು. ಈಗ ಏಳು ತಿಂಗಳು, ನಾವು ಬೇಡವೆಂದರೂ ಎರಡೆರಡು ಕುಳ್ಳು ಹಿಡಿದು ಓಡಾಡಿದಳು. ಅವಳ ಹೊಟ್ಟೆ ನೋಡಿದಾಗೊಮ್ಮೆ ನನಗೆ ಬಾವಿಯ ಪಾವಟಿಗೆ ನೆನಪಾಗುತ್ತಿತ್ತು. ಇವತ್ತು ಸಾಹೇಬರು ಬಳಕೆಯಲ್ಲಿಲ್ಲ ಎಂದು ಬರೆದರೆ ಅದಕ್ಕೆ ಕಾರಣ ಸರಕಾರವೂ ಅಲ್ಲ, ಕಂಪನಿಯೂ ಅಲ್ಲ, ನನ್ನ ಸೆರಗಿನ ತುದಿ. ಕೋಳಿ ಮಾತ್ರ ಏಳಲಿಲ್ಲ. ಮುಟ್ಟಲು ಹೋದರೆ ಕುಕ್ಕಿತು. ಹಾಗೆಯೇ ಮೂಲೆಯಲ್ಲಿ ಬಿಟ್ಟು ಬಾಗಿಲು ಮುಚ್ಚಿದೆವು.

ಜೀಪು ಬಂತು. ಇಳಿದವರು ಸಾಹೇಬರಲ್ಲ, ಒಬ್ಬ ಮ್ಯಾಡಮ್. ನನ್ನ ಮಗಳ ವಯಸ್ಸು. ಸರಪಂಚರು ಹಾರ ಹಿಡಿದು, ಕಂಪನಿಯ ಮನುಷ್ಯ ನಕ್ಷೆ ಹಿಡಿದು ಮುಂದೆ ಬಂದರು. ಕಟ್ಟೆಯ ಮೇಲೆ ಭಾವ ಮತ್ತು ಅವರ ಗೆಳೆಯರು, ಸುತ್ತ ಅರ್ಧ ಊರು. ಮ್ಯಾಡಮ್ ಹಾರ ಹಾಕಿಸಿಕೊಂಡರು, ಟಾಕಿ ನೋಡಿದರು, ಪೈಪು ನೋಡಿದರು, ಆದರೆ ಅವರ ಮುಖದಲ್ಲಿ ಏನೋ ಅವಸರ. ನನಗೆ ಅರ್ಥವಾಯಿತು. ಬೆಳಿಗ್ಗೆ ಸೊಲ್ಲಾಪುರ ಬಿಟ್ಟವರು, ಮೂರು ಊರಲ್ಲಿ ಚಹಾ ಕುಡಿದು ಬಂದಿದ್ದಾರೆ, ಆ ರಸ್ತೆ, ಆ ಜೀಪು.

ಅವರು ಸಂಡಾಸದ ಹತ್ತಿರ ಬಂದರು. ಬಾಗಿಲು ನೋಡಿದರು, ತಿರುಗಿ ಕಟ್ಟೆ ನೋಡಿದರು. ನಿಂತರು. ಅವರ ಕಾಲು ನೆಲಕ್ಕೆ ಅಂಟಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ಓದಿದ, ಜೀಪಿನಲ್ಲಿ ಓಡಾಡುವ ಹೆಂಗಸಿಗೂ ನನ್ನದೇ ರೋಗ. ಅವರು ನನ್ನ ಹತ್ತಿರ ಸರಿದು ಮರಾಠಿಯಲ್ಲಿ ಮೆಲ್ಲಗೆ, ನೀವು ದಿನಾ ಇದನ್ನೇ ಬಳಸುತ್ತೀರಾ ಎಂದು ಕೇಳಿದರು. ಹೌದು ಎಂದು ಗೋಣು ಹಾಕಿದ್ದರೆ ಮುಗಿಯುತ್ತಿತ್ತು. ಗೋಣು ಹಾಕಿ ಹಾಕಿ ನನಗೂ ರೂಢಿಯಾಗಿತ್ತು. ಆದರೆ ಅವರ ಆ ಮುಖ ನೋಡಿ ಸುಳ್ಳು ಬರಲಿಲ್ಲ. ನಾನು ಸಂಡಾಸದ ಗೋಡೆಯ ಕಡೆ ತಿರುಗಿದೆ. ಕಂಬ ಇಲ್ಲದಲ್ಲಿ ಗೋಡೆಯೇ ಗತಿ.

"ಕಟ್ಟಿಮ್ಯಾಗ ಹಿರ್ಯಾರು ಕೂತಿರತಾರ," ಎಂದೆ. "ಅವರ ಮುಂದ ಹ್ಯಾಂಗ ಹೋಗೂದು. ಒಂದು ದಿವಸ ಸುದ್ಧಾ ಹೋಗಿಲ್ಲಂತ ಹೇಳಬೇಕು. ಕುಳ್ಳ ತುಂಬಿದ್ದೆ."

ಸರಪಂಚರು ಹಾರದ ಖಾಲಿ ಪುಡಿಕೆ ಹಿಚುಕುತ್ತ ನಿಂತರು. ನೀಲವ್ವನ ಸೊಸೆ ನೆಲ ನೋಡುತ್ತಿದ್ದಳು. ಪೈಪುಗಳೆಲ್ಲ ಟ್ರಕ್ಕು ಹತ್ತುವುದು ನನ್ನ ಕಣ್ಣಿಗೆ ಕಟ್ಟಿತು.

ಆಗ ಕಟ್ಟೆಯ ಮೇಲಿಂದ ಭಾವ ಕೆಮ್ಮಿದರು. ಬೇವಿನ ಮರದ ಕಡೆ ಮುಖ ಮಾಡಿ ಅದಕ್ಕೆ ಹೇಳಿದರು:

"ಹಿರ್ಯಾರಿಗೂ ಸುಖಾ ಇದ್ದಿಲ್ಲಂತ ಹೇಳು. ಏಳಬೇಕಂದ್ರ, ಅಕಿ ಅದಕ್ಕ ಬಂದಾಳಂತನ ಇವ ಎದ್ದಾನ ಅಂತ ಮಂದಿ ಅಂತಾರ. ಕೂಡಬೇಕಂದ್ರ ಅದನ್ನ ನೋಡಕೋತ ಕೂಡಬೇಕು. ನಾಕೈದು ತಿಂಗಳಾತು, ಕುತಗಿ ಹಿಂದಕ ತಿರಿವಿ ತಿರಿವಿ ನೋಯಾಕತ್ತೈತಿ."

ಭಾವ ಅಷ್ಟು ದಿನ ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕೂರುತ್ತಿದ್ದುದು ಗಾಳಿಗೆ ಎಂದು ನಾನು ತಿಳಿದಿದ್ದೆ. ಅವರು ಎದ್ದು ಧೋತರ ಝಾಡಿಸಿಕೊಂಡು ಗೆಳೆಯರಿಗೆ, "ಏಳ್ರಿ, ಪೈಪ ಎಷ್ಟದಾವ ಎಣಿಸಿ ಬರೂಣು," ಎಂದರು. ಮುದುಕರೆಲ್ಲ ಎದ್ದರು. ಸರಪಂಚರು, ಕಂಪನಿಯವನು, ಡ್ರೈವರ್, ನೆರೆದ ಗಂಡಸರು ಎಲ್ಲ ಅವರ ಹಿಂದೆ ಹೋದರು. ಆ ಪೈಪುಗಳನ್ನು ಅಷ್ಟು ಸಾವಕಾಶವಾಗಿ ಯಾರೂ ಎಣಿಸಿರಲಿಕ್ಕಿಲ್ಲ.

ಮ್ಯಾಡಮ್ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಒಳಗೆ ಒಂದು ಕೋಳಿ ಇದೆ, ಅದು ನಾಚುವುದಿಲ್ಲ ಎಂದರು. ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಮ್ಯಾಡಮ್ ಜೀಪಿನ ಮೂತಿಯ ಮೇಲೆ ಕಾಗದ ಇಟ್ಟು ಬರೆದರು. ಬಾಗಿಲು ಹಿಂದಕ್ಕೆ ತಿರುಗಿಸಬೇಕು, ಖರ್ಚು ಯಾರದೆಂದು ಮೂವರೂ ಕೂತು ಜಗಳಾಡಿರಿ, ಆದರೆ ಎಂಟು ದಿನದಲ್ಲಿ ತಿರುಗಬೇಕು ಎಂದು ಬರೆದರು. ಕೆಳಗೆ ಬಳಕೆಯಲ್ಲಿದೆ ಎಂದೂ ಬರೆದರು. ನಾನು ಗಾಬರಿಯಿಂದ ಅವರ ಮುಖ ನೋಡಿದೆ. ಸುಳ್ಳೇನಲ್ಲವಲ್ಲ, ನಾನೇ ಬಳಸಿದೆನಲ್ಲ ಎಂದರು.

ಗೌಂಡಿ ಬಂದು ಬಾಗಿಲು ತಿರುಗಿಸಿದ. ಪೈಪು ಓಣಿಗಳಿಗೆ ಹೋದವು, ಮೊದಲು ಧನಗರ ಓಣಿಗೆ. ನೀಲವ್ವನ ಸೊಸೆಗೆ ನೋವು ಶುರುವಾದ ದಿನ ಮನೆಯ ಮುಂದಿನ ನಳದಲ್ಲಿ ನೀರು ಬರುತ್ತಿತ್ತು. ಹುಟ್ಟಿದ ಹೆಣ್ಣುಕೂಸಿಗೆ ಎರೆಯಲು ಮೊದಲ ಬಕೀಟು ತುಂಬಿದವಳು ನಾನು.

ಇಷ್ಟೆಲ್ಲ ಆದ ಮೇಲೆ ನಾನು ಧೈರ್ಯವಂತೆಯಾದೆ ಎಂದು ಬರೆಯಲು ಆಸೆಯಿದೆ. ಆದರೆ ಬಾಗಿಲು ಹಿಂದೆ ಹೋದರೂ ಅಲ್ಲಿಗೆ ಹೋಗುವ ದಾರಿ ಕಟ್ಟೆಯ ಮಗ್ಗುಲಲ್ಲೇ ಉಳಿಯಿತು. ಚರಗಿ ಹಿಡಿದು ಹೋದರೆ ಎಲ್ಲರಿಗೂ ತಿಳಿಯುತ್ತದೆ. ಅದಕ್ಕೆ ನೀರನ್ನು ಒಳಗೇ ತುಂಬಿಟ್ಟು, ಕೈಯಲ್ಲಿ ಕಸಬರಿಗೆ ಹಿಡಿದು ಹೋಗತೊಡಗಿದೆ. ಗುಡಿಸಲು ಹೊರಟವಳ ಹಾಗೆ. ಹೊರಗೆ ಬಂದ ಮೇಲೆ ನಾಲ್ಕು ಸಲ ಕಸಬರಿಗೆ ಆಡಿಸಿಯೇ ಹೊರಡುತ್ತಿದ್ದೆ, ನಂಬಿಕೆ ಬರಲಿ ಎಂದು. ಇದನ್ನು ಕಟ್ಟೆಯವರು ದಿನಕ್ಕೆ ನಾಲ್ಕು ಸಲ ನೋಡಿದರು. ವರ್ಷ ತುಂಬುವುದರೊಳಗೆ ಸಮಿತಿಯವರು ಸಾಲೆಯ ಮುಂದೆ ಪೆಂಡಾಲು ಹಾಕಿ, ದಿನಕ್ಕೆ ನಾಲ್ಕು ಬಾರಿ ಸಂಡಾಸ ತೊಳೆಯುವ ಆದರ್ಶ ಮಹಿಳೆ ಎಂದು ನನಗೆ ತೆಂಗಿನಕಾಯಿ, ಕುಬುಸದ ಕಣ ಕೊಟ್ಟರು. ನಾಲ್ಕು ಮಾತು ಹೇಳಿರಿ ಎಂದರು. ನಾನು ಗೋಣು ಹಾಕಿ ಕೂತೆ.

ಈಗ ನಿಮ್ಮ ಮನೆಗೆ ಬಂದಿದ್ದೇನೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಈ ಎರಡು ಕೋಣೆಯ ಮನೆ ಕಟ್ಟಿದ ಪುಣ್ಯಾತ್ಮ ಸಂಡಾಸದ ಬಾಗಿಲನ್ನು ಬಂದವರು ಕೂರುವ ಕುರ್ಚಿಯ ಎದುರೇ ಇಟ್ಟಿದ್ದಾನೆ. ಮೊನ್ನೆ ನಿಮ್ಮ ಅಪ್ಪ ಕೆಲಸಕ್ಕೆ ಹೋಗುವ ಬಟ್ಟೆಯ ಲೂಮಿನ ಸಾಹೇಬರು ಬಂದಾಗ ನಾನು ಒಳಗಿದ್ದೆ. ಅವರು ಚಹಾ ಮುಗಿಸುವವರೆಗೆ ಕಾದೆ, ಮುಗಿಸಿ ಎರಡನೆಯ ಕಪ್ಪು ಕೇಳಿದರು. ಕಡೆಗೆ ಕಸಬರಿಗೆ ಹಿಡಿದು ಹೊರಗೆ ಬಂದೆ. ಹಿಡಿದ ಮೇಲೆ ಗುಡಿಸಬೇಕಲ್ಲ, ಬಾಗಿಲಿನಿಂದ ಅಡುಗೆಮನೆಯವರೆಗೆ ಗುಡಿಸಿದೆ. ಸಾಹೇಬರು ಕಾಲು ಮೇಲೆತ್ತಿಕೊಂಡು ಕೂತರು. ಈ ವಯಸ್ಸಿನಲ್ಲೂ ಎಂಥ ಸ್ವಚ್ಛತೆ ಎಂದು ನಿಮ್ಮ ಅವ್ವನ ಮುಂದೆ ಹೊಗಳಿದರಂತೆ.

ಸ್ವಾತಿ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ. ಆದರೆ ಇನ್ನೊಂದು ಸಂಗತಿ ನೀನು ನೋಡಿಲ್ಲ. ಹೋದ ತಿಂಗಳು ಕಣ್ಣು ತೋರಿಸಲು ಭಾವ ಇಲ್ಲಿಗೆ ಬಂದಿದ್ದರಲ್ಲ. ಅಂದು ನಿಮ್ಮ ಅವ್ವನ ಗೆಳತಿಯರು ಬಂದು ಆ ಕುರ್ಚಿಗಳಲ್ಲಿ ಕೂತಿದ್ದರು. ಭಾವ ಒಮ್ಮೆ ಎದ್ದರು, ಕೂತರು. ಮತ್ತೆ ಎದ್ದರು. ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಕಡೆ ನೋಡದೆ, ಗೋಡೆಗೆ ಮೆಲ್ಲಗೆ ಹೇಳಿದರು:

"ಆ ಕಸಬರಗಿ ಎಲ್ಲಿ ಇಟ್ಟಾರಂತ ಕೇಳು."

ಅವರಿಗೆ ಎಲ್ಲ ಗೊತ್ತಿತ್ತು, ಆದರ್ಶ ಮಹಿಳೆಗೆ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಾಗಲೂ. ನಾನು ಗೋಡೆಗೇ ಉತ್ತರ ಹೇಳಿದೆ. ಮರುದಿನ ಪೇಟೆಗೆ ಹೋಗಿ ಇನ್ನೊಂದು ಕಸಬರಿಗೆ ತಂದು ಬಾಗಿಲ ಹಿಂದೆ ಇಟ್ಟೆ, ಸ್ವಲ್ಪ ಉದ್ದನೆಯದು, ಅವರಿಗೆ ಬಗ್ಗಲು ಆಗುವುದಿಲ್ಲ. ನಿಮ್ಮ ಅವ್ವ ತನ್ನ ಅತ್ತೆಗೆ ಸ್ವಚ್ಛತೆಯ ಹುಚ್ಚು ಹೆಚ್ಚಾಗಿದೆ ಎಂದು ತಿಳಿದಿದ್ದಾಳೆ. ಹಾಗೆಯೇ ತಿಳಿದುಕೊಂಡಿರಲಿ.