ಮನುಷ್ಯರಲ್ಲದವರಿಗೂ ಒಂದು ಸೆಲ್ಯೂಟು

ಎರ್ರೆಮ್ಮ: ನಾಯಿಗೆ ನಮಸ್ಕಾರ ಮಾಡೋದು ಕಲ್ಸಾಕ ಮಿಲಿಟ್ರಿ ಯಾಕ ಬೇಕ್ರಿ?

ಜಡೆಪ್ಪ: ನಮಸ್ಕಾರ ಅಲ್ಲಲೇ, ನೀತಿ! ಬಂದೂಕು ಹಿಡಿಯೋನು ಬರೇ ಮನುಷ್ಯರನ್ನಲ್ಲ, ನಾಯಿ, ಗಿಡ, ಮಷೀನು ಎಲ್ಲಾನೂ ಲೆಕ್ಕಕ್ಕ ತಗೋಬೇಕು. ಹೊಸ ಹುಡುಗ್ರಿಗೆ ಈ ಪಾಠ ಮಾಡು ಅಂತ ಸಾಹೇಬ್ರ ಆರ್ಡರು.

ರಜೆಗೆಂದು ಚಿತ್ತವಾಡ್ಗಿಗೆ ಬಂದಿದ್ದ ಹವಾಲ್ದಾರ ಜಡೆಪ್ಪ ನಾಲ್ಕು ದಿನದಿಂದ ಆ ಪಾಠದ ಒಂದೇ ಹಾಳೆ ಹಿಡಿದು ಕೂತಿದ್ದ. ಎರಡನೇ ಸಾಲಿಗೆ ಬಂದರೆ ಸಾಕು, ತಡವರಿಸಿ ಮತ್ತೆ ಮೊದಲಿನಿಂದ ಓದುತ್ತಿದ್ದ. ಹೆಂಡತಿ ಎದುರಿಗೆ ಶೇಂಗಾ ಸುಲಿಯುತ್ತಿದ್ದಳು.

ಎರ್ರೆಮ್ಮ: ಮಷೀನಿಗೂ ನೀತಿ? ಅದು ಕೆಟ್ರ ಹನ್ನೊಂದನೇ ದಿನ ಮಾಡ್ತೀರೇನು?

ಜಡೆಪ್ಪ: ಬಾಂಬು ಹುಡುಕೋ ಮಷೀನು ನಮ್ಮ ಬದ್ಲಿ ಸಾಯ್ತೈತಿ. ಋಣ ಇರಂಗಿಲ್ಲೇನು? ಗುಡ್ಡಕ್ಕೂ ಹಂಗ.

ಎರ್ರೆಮ್ಮ: ಗುಡ್ಡಕ್ಕೂ? ಹಂಗಾರ ಸೊಂಡೂರಿನ ಗುಡ್ಡಾನ ಅದಿರಿಗಂತ ಅಗದು ಲಾರ್ಯಾಗ ಹೇರ್ಕೊಂಡು ಹೋಗ್ತಾರಲ್ಲ, ಮೊದ್ಲು ಅವ್ರಿಗೆ ಕ್ಲಾಸ್ ತಗೋರಿ.

ಜಡೆಪ್ಪ: ಅವ್ರು ನನ್ನ ಪ್ಲಟೂನಿನಾಗಿಲ್ಲ.

ಎರ್ರೆಮ್ಮ: ಅದಿರ್ಲಿ. ಎರಡನೇ ಸಾಲಿನಾಗ ಏನೈತಿ, ಅಷ್ಟ್ಯಾಕ ತಡವರಿಸ್ತೀರಿ?

ಜಡೆಪ್ಪ ಹಾಳೆ ಮಡಚಿದ.

ಜಡೆಪ್ಪ: ‘ಜೊತಿಗಿದ್ದ ಪ್ರಾಣೀನ ಬಿಟ್ಟು ಬರಬ್ಯಾಡ’ ಅಂತೈತಿ. ನಾ ಬಿಟ್ಟು ಬಂದೀನಿ. ಒಂದು ಹೇಸರಗತ್ತೆ. ಏಳು ವರ್ಷ ನಮ್ಮ ರೇಷನ್ ಹೊತ್ತಿತ್ತು. ಹಿಮದಾಗ ಕಾಲು ಮುರೀತು. ಮ್ಯಾಲಿನವ್ರು ನಡೀರಿ ಅಂದ್ರು, ನಡದ್ವಿ. ಅದು ಕಿವಿ ನೆಟ್ಟಗ ಮಾಡ್ಕೊಂಡು ನೋಡಾಕ ಹತ್ತಿತ್ತು, ನಾವು ಹೊಳ್ಳಿ ಬರ್ತೀವಿ ಅಂತ.

ಎರ್ರೆಮ್ಮನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. ಹದಿನೈದು ವರ್ಷದ ಸಂಸಾರದಲ್ಲಿ ಈ ಮಾತು ಆಕೆ ಕೇಳಿರಲಿಲ್ಲ.

ಎರ್ರೆಮ್ಮ: ಹಾಳಿ ಬಿಡ್ರಿ. ಇದನ್ನ ಹೇಳ್ರಿ ಹುಡುಗ್ರಿಗೆ.

ಜಡೆಪ್ಪ: ನಗ್ತಾರ. ಹವಾಲ್ದಾರ ಕತ್ತೆಗೆ ಅಳ್ತಾನ ಅಂತ.

ಎರ್ರೆಮ್ಮ: ನಕ್ಕೋರ ಬೆನ್ನಿಗೆ ಆ ಭಾರ ಕಟ್ಟಿ ಗುಡ್ಡ ಹತ್ತಸ್ರಿ. ಅರ್ಧ ದಾರ್ಯಾಗ ನೀತಿ ತಾನಾಗೇ ತಿಳೀತೈತಿ.

ಜಡೆಪ್ಪ: ಎರ್ರೆಮ್ಮ, ನೀನು ಕರ್ನಲ್ ಆಗಬೇಕಿತ್ತು!

ಎರ್ರೆಮ್ಮ: ಆದೆ ಅನ್ಕೋರಿ. ಕಲ್ಸೋರು ಮೊದ್ಲು ಕಲೀಬೇಕು. ಕೊಟ್ರಯ್ಯನ ಮಿಲ್ಲಿಗೆ ಹೋಗಿ ಅಕ್ಕಿ ಚೀಲ ಹೊತ್ಕೊಂಡು ಬರ್ರಿ. ನಡದು!

ಅರ್ಧ ಗಂಟೆಯ ಮೇಲೆ, ಅದಿರು ಲಾರಿಗಳ ಕೆಂಧೂಳಿನಲ್ಲಿ, ಐವತ್ತು ಕಿಲೋ ಹೊತ್ತು ಏದುಸಿರು ಬಿಡುತ್ತಿದ್ದ ಜಡೆಪ್ಪನನ್ನು ಕಂಡು ಮಿಲ್ಲಿನ ಕೊಟ್ರಯ್ಯ ಹಿಂದೆಯೇ ಓಡಿ ಬಂದ.

ಕೊಟ್ರಯ್ಯ: ಹವಾಲ್ದಾರ್ರ, ಆಟೋ ಕರೀಲೇನ್ರಿ?

ಜಡೆಪ್ಪ: ಬ್ಯಾಡ್ರಿ... ಕ್ಲಾಸ್ ನಡದೈತಿ!